ಪಾರದರ್ಶಕ ಸ್ಟೂಲ್ ಕೆಲವೇ ತಿಂಗಳಲ್ಲಿ ಮಂಕಾಗುವುದು, ಬಿರುಕು ಬಿಡುವುದು ಯಾಕೆ?

ಗಾಜಿನಂತೆ ಕಾಣುವ ಇಂಥ ಸ್ಟೂಲ್‌ಗಳು ಹೆಚ್ಚಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನವು. ಇಟಲಿಯ ಕಾರ್ಟೆಲ್ ಕಂಪನಿಗೆ ಫಿಲಿಪ್ ಸ್ಟಾರ್ಕ್ ವಿನ್ಯಾಸ ಮಾಡಿದ ಚಾರ್ಲ್ಸ್ ಘೋಸ್ಟ್ ಇದೇ ಜಾತಿಯದು: ಇಡೀ ಸ್ಟೂಲ್ ಒಂದೇ ಅಚ್ಚಿನದು, ಸ್ಕ್ರೂ ಇಲ್ಲ, ಅಂಟೂ ಇಲ್ಲ. ಈ ಪ್ಲಾಸ್ಟಿಕ್ ಏಟಿಗೆ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಮೈ ಮೆತ್ತಗೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮೇಲೆ ಕೂತ ದೂಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಮಂಕು ಅಂದರೆ ಅದೇ.

ಬಿರುಕಿನ ಕಥೆ ಬೇರೆ. ಅಚ್ಚಿನಲ್ಲಿ ತಣಿಯುವಾಗ ಕಾಲು ಸೀಟಿಗೆ ಸೇರುವ ಮೂಲೆಯಲ್ಲಿ ಒಳಬಿಗಿತ ಉಳಿದಿರಬಹುದು. ಅಲ್ಲಿಗೆ ಥಿನ್ನರ್, ನೈಲ್ ಪಾಲಿಶ್ ರಿಮೂವರ್ ಅಥವಾ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ತಾಗಿದರೆ ಜೇಡರ ಬಲೆಯಂತೆ ಸಣ್ಣ ಬಿರುಕು ಏಳುತ್ತದೆ. ಅದು ಮತ್ತೆ ಕೂಡುವುದಿಲ್ಲ. ಕಾಲು ಸೀಟಿಗೆ ಸೇರುವಲ್ಲಿ ಬಿರುಕು ಕಂಡರೆ ಕೂರುವುದನ್ನು ಬಿಟ್ಟು ಹಗುರವಾದ ಹೂಕುಂಡ ಇಡಿ.

ತೊಳೆಯುವಾಗ ಮೊದಲು ನೀರು ಸುರಿದು ದೂಳು ಇಳಿಸಿ. ಆಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹಸಿರು ಸ್ಕ್ರಬ್ಬರ್ ಬೇಡವೇ ಬೇಡ. ಬೋರ್‌ವೆಲ್ ನೀರಾದರೆ ಹಾಗೇ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ.