ರಾತ್ರಿವರೆಗೆ ದುಡಿಸಿದರೆ ಕೆಲಸ ಜಾಸ್ತಿ ಆಗಬೇಕಲ್ಲ, ಯಾಕೆ ಆಗಲ್ಲ?

ಒಂದು ಮಿತಿವರೆಗೆ ಆಗುತ್ತೆ. ಅದು ದಾಟಿದ ಮೇಲೆ ಗಂಟೆ ಮಾತ್ರ ಹೆಚ್ಚುತ್ತೆ, ಯಾಕಂದ್ರೆ ದಣಿದವರಿಗೆ ಮೊದಲು ತಪ್ಪೋದು ಗಮನ. ಬಳ್ಳಾರಿಯ ಜೀನ್ಸ್ ಹೊಲಿಯೋರನ್ನೇ ಕೇಳಿ. ತೂಕಡಿಸುತ್ತಾ ಹೊಲಿದ ಜೇಬು ಓರೆಯಾದ್ರೆ ಬೆಳಿಗ್ಗೆ ದಪ್ಪ ಬಟ್ಟೆಯ ಹೊಲಿಗೆ ಒಂದೊಂದೇ ಬಿಚ್ಚಿ ಮತ್ತೆ ಹಾಕಬೇಕು. ಪೀಸ್ ಲೆಕ್ಕದ ಕೂಲಿಯಾದ್ರೆ ಆ ಹೊತ್ತೆಲ್ಲ ದಂಡ.

ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ವಾರಕ್ಕೆ 70 ಗಂಟೆ ದುಡಿದಾಗಿನ ಉತ್ಪಾದನೆ 56 ಗಂಟೆಯದಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲ.

ನಿದ್ದೆ, ಮನೆಮಂದಿ ಜೊತೆ ಊಟ ತಪ್ಪುತ್ತಾ ಹೋದ್ರೆ ಸಿಡುಕು, ತಲೆನೋವು, ಕೊನೆಗೆ ರಜೆ. ಇದನ್ನು ಮಾಲೀಕರು ನಷ್ಟದ ಖಾತೆಗೆ ಬರೆಯೋದನ್ನ ನಾನಂತೂ ಕಂಡಿಲ್ಲ.