ರಂಗದ ಮೇಲಿನ ಬೇಡಿ: ಸರಪಳಿಯನ್ನು ಎಲ್ಲಿಂದ ಎಲ್ಲಿಗೆ ಜೋಡಿಸಬೇಕು?

ಪ್ರಶ್ನೆ: ನಮ್ಮ ಹವ್ಯಾಸಿ ತಂಡವು 1858ರ ನರಗುಂದ ಬಂಡಾಯವನ್ನು ಕುರಿತ ನಾಟಕವೊಂದನ್ನು ಆಡಲಿದೆ. ಸೆರೆಸಿಕ್ಕ ಬಂಡುಕೋರನ ಕೈ, ಕಾಲು, ಸೊಂಟಗಳನ್ನು ಕೂಡಿಸುವ ಸರಪಳಿಯನ್ನು ಯಾವ ರೀತಿಗಳಲ್ಲಿ ಜೋಡಿಸಬಹುದು? ತಾಲೀಮಿನಲ್ಲಿ ಪಾತ್ರಧಾರಿ ಪದೇ ಪದೇ ಎಡವುತ್ತಿದ್ದಾರೆ.
– ಓದುಗರೊಬ್ಬರು, ಗದಗ

ಉತ್ತರ: ಎಡವುವುದಕ್ಕೆ ಸರಪಳಿ ನೆಲಕ್ಕೆ ಜೋತುಬಿದ್ದಿರುವುದೇ ಕಾರಣವಿರಬೇಕು. ಕಾಲಿನಿಂದ ಕಾಲಿಗೆ ಒಂದೇ ಸರಪಳಿ ಕಟ್ಟುವುದು ಸುಲಭವಾದರೂ, ಉದ್ದ ಹೆಚ್ಚಾದರೆ ಅದು ಪಾದದಡಿಗೆ ಸಿಗುತ್ತದೆ, ಕಡಿಮೆಯಾದರೆ ಹೆಜ್ಜೆ ಕಿತ್ತಿಡುವುದೇ ಆಗುವುದಿಲ್ಲ. ಬ್ರಿಟಿಷರ ಕಾಲದ ಜೈಲುಗಳಲ್ಲಿದ್ದ ಒಂದು ಬಗೆಯ ಬೇಡಿಯಲ್ಲಿ ಎರಡೂ ಕಾಲ್ಬಳೆಗಳಿಂದ ಮೇಲೇರುವ ಸರಪಳಿಗಳನ್ನು ಸೊಂಟಕ್ಕೆ ತೂಗುಹಾಕುತ್ತಿದ್ದರು. ನಿಮಗೆ ನಾನು ಸೂಚಿಸುವುದು ಇದನ್ನೇ. ಸರಪಳಿ ನೆಲ ಮುಟ್ಟದೆ ಮೊಣಕಾಲಿನ ಮುಂದೆ ತೂಗಾಡುತ್ತದೆ. ಭಾರವನ್ನು ಸೊಂಟ ಹೊರುವುದರಿಂದ ನಡಿಗೆ ನಿಧಾನವಾದರೂ ಕುಂಟುವುದಿಲ್ಲ.

ಸರಪಳಿಯ ಬದಲು ಕಬ್ಬಿಣದ ಸಲಾಕೆಗಳಿದ್ದ ಬೇಡಿಯೂ ಇತ್ತು. ಎರಡು ಕಾಲುಗಳ ನಡುವೆ ಅಡ್ಡ ಸಲಾಕೆ ಹಾಕಿ, ಅವು ಸದಾ ಅಗಲಿಕೊಂಡೇ ಇರುವಂತೆ ಮಾಡುತ್ತಿದ್ದ ಇನ್ನೊಂದು ಬಗೆಯೂ ಉಂಟು. ಇಂಥ ಸಲಾಕೆ ಬೇಡಿಗಳ ಕ್ರೌರ್ಯವನ್ನು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಪರಿಶೀಲಿಸಿ ಅವುಗಳ ಬಳಕೆಗೆ ಕಡಿವಾಣ ಹಾಕಿತು. ಕುಣಿತ, ಕಾದಾಟಗಳಿರುವ ನಾಟಕಕ್ಕೆ ಇವೆರಡೂ ಬೇಡ.

ಕೈಗಳನ್ನು ಮುಂದೆಯೇ ಕಟ್ಟಿರಿ. ಹಿಂದಕ್ಕೆ ಕಟ್ಟಿದರೆ ಬೀಳುವವನಿಗೆ ನೆಲಕ್ಕೆ ಕೈಯೂರಲೂ ಆಗದು. ಮಣಿಕಟ್ಟುಗಳ ನಡುವಿನ ಸರಪಳಿಯ ಮಧ್ಯದಿಂದ ಸೊಂಟದ ಬಳೆಗೆ ಇನ್ನೊಂದು ಎಳೆ ಇಳಿಬಿಟ್ಟರೆ ಮೂರೂ ಬೇಡಿಗಳು ಒಂದಾಗಿ ಕಾಣುತ್ತವೆ. ಈ ಎಳೆಯ ಅಳತೆಯನ್ನು ಪಾತ್ರಧಾರಿ ಎದೆಯವರೆಗೆ ಕೈಯೆತ್ತಿ ನಿಂತಾಗಲೇ ತೆಗೆದುಕೊಳ್ಳಬೇಕು, ಏಕೆಂದರೆ ಕೈ ಇಳಿಬಿಟ್ಟಾಗ ಅಳೆದು ಕತ್ತರಿಸಿದ ಸರಪಳಿಯಿಂದಾಗಿ, ತಲೆಯೆತ್ತಿ ಮಾತನಾಡಬೇಕಾದ ಬಂಡುಕೋರ ಬೆನ್ನು ಬಾಗಿಸಿ ನಿಲ್ಲಬೇಕಾಗುತ್ತದೆ. ಕೊರಳಿಗೆ ಮಾತ್ರ ಯಾವ ಸರಪಳಿಯನ್ನೂ ಸೇರಿಸಬಾರದು. ನೋಟಕ್ಕೆ ಎಷ್ಟೇ ಪರಿಣಾಮಕಾರಿಯಾಗಿದ್ದರೂ, ಒಂದು ಜಗ್ಗಿಗೆ ಪ್ರಾಣಕ್ಕೇ ಕುತ್ತು ಬಂದೀತು.

ಸರಪಳಿ ಹಗುರವಾದ ಅಲ್ಯೂಮಿನಿಯಂನದಾಗಿರಲಿ. ಸದ್ದಿಗೆ ಸೊಂಟದ ಬಳಿ ಕಬ್ಬಿಣದ ನಾಲ್ಕಾರು ಕೊಂಡಿಗಳು ಸಾಕು. ಬಳೆಗಳ ಒಳಮೈಗೆ ದಪ್ಪ ಬಟ್ಟೆ ಹೊಲಿಸಿರಿ. ಪ್ರತಿಯೊಂದು ಎಳೆಯಲ್ಲಿ ಒಂದು ಕೊಂಡಿಯನ್ನು ತೆಗೆದು, ಆ ಜಾಗವನ್ನು ಜೋರಾಗಿ ಎಳೆದರೆ ಹರಿಯುವ ಕಪ್ಪು ದಾರದಿಂದ ಕಟ್ಟಿರಿ, ಮತ್ತು ಅದು ನಿಜವಾಗಿಯೂ ಹರಿಯುತ್ತದೆಯೇ ಎಂಬುದನ್ನು ತಾಲೀಮಿನಲ್ಲಿಯೇ ಎಳೆದು ನೋಡಿರಿ.