‘ಇಲ್ಲ’ ಅನ್ನಲಾಗದ ಮೆಡಿಕಲ್ ಶಾಪಿನವರು

ಅವರಿಗೆ 47 ವರ್ಷ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. “ರಾತ್ರಿ ಎರಡಕ್ಕೆ ಎದ್ದು ಕೂತ್ಕೋತಾರೆ ಮೇಡಂ. ಭಾನುವಾರವೂ ಅಂಗಡಿ ಮುಚ್ಚಲ್ಲ. ಎಕ್ಸ್‌ಪೈರಿ ಆದ ಮಾಲು ಮೂರು ಡಬ್ಬ ತುಂಬಿದೆ, ಆದ್ರೂ ಆರ್ಡರ್ ಹಾಕ್ತಾನೇ ಇರ್ತಾರೆ.” ನಿದ್ದೆ ಕೆಟ್ಟವರನ್ನು ದಿನಾ ನೋಡುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಮೂರು ಡಬ್ಬ. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವರು ಹೀಗೇಕೆ ತುಂಬಿಸಿಡುತ್ತಾರೆ?

ಎರಡನೇ ಭೇಟಿಯಲ್ಲಿ ಬಾಯಿ ಬಿಟ್ಟರು. 2021ರ ಕೋವಿಡ್ ಎರಡನೇ ಅಲೆ. “ರೆಮ್‌ಡೆಸಿವಿರ್ ಇದೆಯಾ” ಎಂದು ಆ ಕೋವಿಡ್ ಇಂಜೆಕ್ಷನ್ನಿಗಾಗಿ ದಿನವಿಡೀ ಫೋನ್. ಪಕ್ಕದ ಬೀದಿಯ ಕಾಲೇಜು ಹುಡುಗ ಬಂದು, “ಅಂಕಲ್, ಅಪ್ಪನಿಗೆ ಒಂದೇ ಒಂದು ವಯಲ್” ಎಂದು ಕೈ ಮುಗಿದಿದ್ದ. ಇವರು ಬಿಲ್ ಬರೆಯುತ್ತಲೇ “ಇಲ್ಲಪ್ಪ, ಹೋಗು” ಎಂದಿದ್ದರು. ಮೂರನೇ ದಿನ ಅವನ ಅಪ್ಪ ತೀರಿಕೊಂಡರು.

ಆ ಇಂಜೆಕ್ಷನ್ ಜೀವ ಉಳಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಹೇಳಿತ್ತು. ಅದನ್ನು ನೆನಪಿಸಿದೆ. “ಗೊತ್ತು ಮೇಡಂ, ನಾನೂ ಓದಿದವನೇ. ಆದ್ರೆ ನಾನು ತಲೆ ಎತ್ತಿ ನೋಡಲಿಲ್ಲ ಅಲ್ವಾ?” ಎಂದರು. ನಾನು ಸಮಾಧಾನ ಹೇಳಲು ಅವಸರ ಮಾಡಿದ್ದೆ, ತಪ್ಪು ನನ್ನದು. ಅವರನ್ನು ಕೊರೆಯುತ್ತಿದ್ದದ್ದು ಸಿಗದ ಔಷಧಿ ಅಲ್ಲ, ನೋಡದೆ ಬಿಟ್ಟ ಆ ಮುಖ. ಅಂದಿನಿಂದ ಯಾರಿಗೂ ‘ಇಲ್ಲ’ ಅನ್ನಬಾರದೆಂದು ಕಪಾಟು ತುಂಬಿಸುತ್ತಿದ್ದರು.

ಇನ್ನೊಂದು ವಿಷಯ ತಡವಾಗಿ ಹೊರಬಂತು. ನಿದ್ದೆಗೆಂದು ಎಂಟು ತಿಂಗಳಿಂದ ತಮ್ಮದೇ ರ‍್ಯಾಕಿನ ಆಲ್ಪ್ರಜೋಲಾಮ್ ಎಂಬ ಗಾಬರಿ ತಗ್ಗಿಸುವ ಮಾತ್ರೆ ನುಂಗುತ್ತಿದ್ದರು. ಅದು ಶೆಡ್ಯೂಲ್ ಎಚ್1 ಔಷಧಿ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಪಟ್ಟಿಯದು. ಗಿರಾಕಿಗೆ ಕೊಡಬೇಕಾದರೆ ಚೀಟಿ ನೋಡಿ, ಬೇರೆ ರಿಜಿಸ್ಟರಿನಲ್ಲಿ ಬರೆಯುವವರು ಇವರೇ. ಬೈಯಲಿಲ್ಲ. “ಸಡನ್ನಾಗಿ ನಿಲ್ಲಿಸಬೇಡಿ” ಎಂದು ಮಾತ್ರ ಗಟ್ಟಿಯಾಗಿ ಹೇಳಿದೆ. ಒಮ್ಮೆಲೇ ಬಿಟ್ಟರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ.

ನಾನು ಕೊಟ್ಟ ಕೆಲಸ ಚಿಕ್ಕದು. ಔಷಧಿ ಇಲ್ಲದಿದ್ದಾಗ ಪೆನ್ನು ಕೆಳಗಿಟ್ಟು, ಮುಖ ನೋಡಿ, “ನಮ್ಮಲ್ಲಿ ಇಲ್ಲ, ಎಲ್ಲಿ ಸಿಗಬಹುದು ನೋಡೋಣ” ಅನ್ನಬೇಕು. ದಿನಕ್ಕೆ ಒಬ್ಬರಿಗಾದರೂ ಸಾಕು. ಭಾನುವಾರ ಮಧ್ಯಾಹ್ನ ಶಟರ್ ಎಳೆಯಬೇಕು. ರಾತ್ರಿ ಎಚ್ಚರವಾಗಿ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು. ಅದು ಉಚಿತ, ಇಡೀ ದಿನ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೆಡಿಕಲ್ ಶಾಪಿನವರೇ, ನಿಮಗೂ ಈ ನಂಬರ್ ಬೇಕು. ಲಾಕ್‌ಡೌನಿನಲ್ಲೂ ಬಾಗಿಲು ತೆರೆದು ಕೂತವರು ನೀವು. ನಿಮ್ಮನ್ನು ಹೇಗಿದ್ದೀರಿ ಎಂದು ಕೇಳಿದವರು ಕಡಿಮೆ.

ಆರು ವಾರ ಆಯಿತು. ಈಗ ನಾಲ್ಕರವರೆಗೆ ನಿದ್ದೆ ಬರುತ್ತಿದೆ. ಡಬ್ಬಗಳಲ್ಲಿ ಎರಡು ಹೊರಗೆ ಹೋಗಿವೆ. ಆ ಹುಡುಗನನ್ನು ನೋಡಿ ಮಾತಾಡಿಸಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದಾರೆ. ನಾನು ಅವಸರ ಮಾಡಿಲ್ಲ. ಮುಂದಿನ ಗುರುವಾರ ಸಂಜೆ ಬರುತ್ತಾರೆ, ಅಷ್ಟು ಹೊತ್ತು ಅಂಗಡಿ ನೋಡಿಕೊಳ್ಳಲು ಇನ್ನೊಬ್ಬ ಫಾರ್ಮಸಿಸ್ಟ್ ಸಿಕ್ಕಿದ್ದಾರೆ.